ಅಂಜನಾದ್ರಿ ಇಳಿದು ಬಂದವರಿಗೆ ರೊಟ್ಟಿ ಊಟ ಎಲ್ಲಿದೆ?

ಹಂಪಿ ಹತ್ತಿರದ ಆನೆಗೊಂದಿ, ಸಣಾಪುರ ಕಡೆ ಹೋಟೆಲ್ ನಡೆಸುವವರು ದಯವಿಟ್ಟು ಇದನ್ನು ಓದಿ. ನಿಮ್ಮ ಬೋರ್ಡು ಇನ್ನೂ ಹಳೇ ಗಿರಾಕಿಗೆ ಬರೆದ ಹಾಗಿದೆ.

2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶದಂತೆ ತುಂಗಭದ್ರೆಯ ನಡುಗಡ್ಡೆ ವಿರುಪಾಪುರಗಡ್ಡೆಯ ರೆಸಾರ್ಟ್‌ಗಳನ್ನು ತೆರವು ಮಾಡಿದರು. ಅಲ್ಲಿ ವಾರಗಟ್ಟಲೆ ಉಳಿಯುತ್ತಿದ್ದ ವಿದೇಶಿಯರಿಗೆ ಪಾಸ್ತಾ, ಪ್ಯಾನ್‌ಕೇಕ್ ಬೇಕಿತ್ತು. ಈಗ ಬರುವವರಲ್ಲಿ ಹೆಚ್ಚಿನವರು ಅಂಜನಾದ್ರಿ ಬೆಟ್ಟದ ಹನುಮನ ಭಕ್ತರು. ಶನಿವಾರ ಮನೆಮಂದಿಯೆಲ್ಲ ಕಾರಿನಲ್ಲಿ ಬಂದು, 575 ಮೆಟ್ಟಿಲು ಹತ್ತಿ ಇಳಿದು, ಕತ್ತಲಾಗುವುದರೊಳಗೆ ಊರು ಮುಟ್ಟುವ ಅವಸರ ಅವರದು. "ಇಲ್ಲಿ ಜೋಳದ ರೊಟ್ಟಿ ಊಟ ಎಲ್ಲಿ ಸಿಗ್ತದ್ರೀ?" ಎಂದು ಕೇಳಿದರೆ ಸಿಗುವುದು ಗೋಬಿ ಮಂಚೂರಿ, ಫ್ರೈಡ್ ರೈಸ್.

ರೊಟ್ಟಿ ಬಡಿಯುವವರಿಲ್ಲ, ಗದ್ದಲದ ಹೊತ್ತಿಗೆ ಪೂರೈಸುವುದಿಲ್ಲ ಅನ್ನುತ್ತೀರಿ. ನಿಜವೇ. ಆದರೆ ಅರ್ಧ ತೊಂದರೆ ಹಿಟ್ಟಿನದು. ಗಂಗಾವತಿ ಭತ್ತದ ಸೀಮೆ, ಇಲ್ಲಿ ಜೋಳದ ಹಿಟ್ಟು ಅಂಗಡಿಯ ಚೀಲದಲ್ಲಿ ಬರುತ್ತದೆ. ಬೀಸಿ ತಿಂಗಳಾದ ಹಿಟ್ಟಿಗೆ ಜಿಗಿ ಇರುವುದಿಲ್ಲ. ಬಡಿಯುವಾಗ ಅಂಚು ಸೀಳುತ್ತದೆ, ಎಷ್ಟೇ ಪಳಗಿದ ಕೈಯಾದರೂ ನಿಧಾನವಾಗುತ್ತದೆ. ಯಲಬುರ್ಗಾ, ಕುಕನೂರು ಕಡೆಯ ಎರೆ ಹೊಲದ ಹಿಂಗಾರಿ ಬಿಳಿಜೋಳ ತಂದಿಟ್ಟುಕೊಂಡು, ನಾಲ್ಕೈದು ದಿನಕ್ಕೆ ಆಗುವಷ್ಟೇ ಗಿರಣಿಗೆ ಹಾಕಿಸಿ. ಕುದಿಯುವ ಎಸರಿನಲ್ಲೇ ಕಲಸಬೇಕು. ಗೋಧಿಯ ಅಂಟು ಜೋಳಕ್ಕಿಲ್ಲ, ಬಿಸಿನೀರಿಗೆ ಹಿಟ್ಟು ಸ್ವಲ್ಪ ಬೆಂದರೇ ಹಿಡಿತ. ಒಮ್ಮೆಗೆ ಐದಾರು ರೊಟ್ಟಿಯ ಹಿಟ್ಟು ಮಾತ್ರ ನಾದಿಕೊಳ್ಳಿ, ತಣ್ಣಗಾದರೆ ಮತ್ತೆ ಬಿರುಕು.

ಇನ್ನು ಗದ್ದಲ. ತಟ್ಟೆಗೆ ಮೂರೂ ಬಿಸಿ ರೊಟ್ಟಿಯೇ ಕೊಡಬೇಕೆಂದು ಹಟ ಹಿಡಿಯಬೇಡಿ. ಒಂದು ಬಿಸಿ, ಎರಡು ಖಡಕ್ ಕೊಡಿ. ಜೊತೆಗೆ ಎಣ್ಣೆಗಾಯಿ, ಕಾಳು ಪಲ್ಯ, ಶೇಂಗಾ ಹಿಂಡಿ (ಚಟ್ನಿಪುಡಿ), ಮೊಸರು. ಖಡಕ್ ರೊಟ್ಟಿ ವಾರದ ನಡುವೆ, ಕೈ ಬಿಡುವಿದ್ದಾಗ ಆಗುವ ಕೆಲಸ. ಶನಿವಾರ ಹಂಚಿನ ಮುಂದಿರುವವರಿಗೆ ಮೂರರಲ್ಲಿ ಒಂದು ಪಾಲಿನ ಭಾರ ಮಾತ್ರ ಉಳಿಯುತ್ತದೆ.

ಅದೇ ಖಡಕ್ ರೊಟ್ಟಿಯನ್ನು ಹತ್ತರ ಕಟ್ಟು ಮಾಡಿಟ್ಟರೆ ಕಾರಿನವರು ಊರಿಗೂ ಒಯ್ಯುತ್ತಾರೆ. ದಾರಿಯ ತಿಂಡಿ ಮನೆಗೂ ಒಯ್ಯುವ ರೂಢಿ ಈಗ ಎಲ್ಲೆಡೆ ಬೆಳೆದಿದೆ, ಇದನ್ನು ಬಿಟ್ಟುಕೊಡಬಾರದು. ಆದರೆ ಕೆಡುವುದೂ ಇಲ್ಲಿಯೇ. ರೊಟ್ಟಿ ತೆಳ್ಳಗಿರಬೇಕು, ಸಣ್ಣ ಉರಿಯಲ್ಲಿ ಬಟ್ಟೆಯಿಂದ ಒತ್ತುತ್ತ ನಡುಭಾಗದ ತೇವವೂ ಆರಿಸಬೇಕು. ಮುರಿದಾಗ ಬಾಗದೆ ಚಟಕ್ಕನೆ ಸೀಳಿದರೆ ಸರಿ. ಬೆಚ್ಚಗಿರುವಾಗಲೇ ಪ್ಲಾಸ್ಟಿಕ್‌ಗೆ ಹಾಕಿದರೆ ಒಳಗೆ ಬೆವರಿ ಬೂಸ್ಟು ಹಿಡಿಯುತ್ತದೆ. ತಯಾರಿಸಿದ ದಿನಾಂಕ, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರು ಅಚ್ಚು ಹಾಕಿಸಿ.

ಹಿಂಡಿಯನ್ನು ಎರಡು ಡಬ್ಬಿ ಮಾಡಿ, ಒಂದಕ್ಕೆ ಬೆಳ್ಳುಳ್ಳಿ ಬೇಡ. ಹನುಮಮಾಲೆ ಹಾಕಿದವರು, ಉತ್ತರ ಭಾರತದ ಯಾತ್ರಿಕರು ಅನೇಕರು ಅದನ್ನು ಮುಟ್ಟುವುದಿಲ್ಲ. ಕೇಳಲು ಸಂಕೋಚಪಟ್ಟು ಬರೀ ಮೊಸರನ್ನ ಉಂಡು ಏಳುತ್ತಾರೆ. ಡಬ್ಬಿಯ ಮೇಲೆ ದೊಡ್ಡಕ್ಷರದಲ್ಲಿ, ಹಿಂದಿ ತೆಲುಗಿನಲ್ಲೂ, ಬರೆದಿಡಿ.