ನಿಮ್ಮ ಹೆಗ್ಗಣ, ನಮ್ಮ ಲಾನು

ಇವತ್ತು ಬೆಳಿಗ್ಗೆ ಕಾಫಿ ಲೋಟ ಹಿಡ್ಕೊಂಡು ಹೊರಗೆ ಬಂದ್ರೆ ಲಾನಲ್ಲಿ ಮತ್ತೆ ಮೂರು ಮಣ್ಣಿನ ಗುಡ್ಡೆ! ನಿನ್ನೆ ಸಂಜೆ ತಾನೆ ತುಳ್ದು ತುಳ್ದು ಸಮ ಮಾಡಿದ್ದೆ. ಲಾನ್ ಅಂದ್ರೆ ಅರಮನೆ ಮುಂದಿನ ಥರದ್ದು ಅಂದ್ಕೋಬೇಡಿ, ಮೈಸೂರಿನ 30-40 ಸೈಟಲ್ಲಿ ಮನೆ, ಸಂಪು, ಕಾರು ಎಲ್ಲ ಕಳೆದು ಉಳಿದಿದ್ದು, ಎರಡು ಚಾಪೆ ಹಾಸಿದ್ರೆ ಮುಗೀತು. ಅಷ್ಟಕ್ಕೇ ಮೆಕ್ಸಿಕನ್ ಗ್ರಾಸು, ಕೆಮ್ಮಣ್ಣು, ಗೊಬ್ಬರ ಅಂತ ಸುರಿದಿದ್ದೀನಿ, ನನ್ನ ಹೆಂಡ್ತಿಗೆ ಇನ್ನೂ ಅರ್ಧ ರೇಟೇ ಹೇಳಿರೋದು.

ಇಲಿ ಆಗಿದ್ರೆ ಬಿಡಿ. ಇದು ಹೆಗ್ಗಣ. ನಮ್ಮ ಬೀದಿ ಬೆಕ್ಕು ಅದಕ್ಕೆ ದಾರಿ ಬಿಟ್ಟು ನಿಂತಿದ್ದನ್ನ ನಾನೇ ನೋಡಿದೀನಿ. ಇಂಗ್ಲಿಷಿನ ಬ್ಯಾಂಡಿಕೂಟ್ ಅನ್ನೋದು ತೆಲುಗಿನ ಪಂದಿಕೊಕ್ಕು ಇಂದ ಹೋಗಿದ್ದಂತೆ, ಹಂದಿ-ಇಲಿ ಅಂತ. ರಾತ್ರಿ ಎರಡು ಗಂಟೆಗೆ ಕಿಟಕಿ ಕೆಳಗೆ ಅದು ಗುರುಗುಟ್ಟೋದು ಕೇಳಿದ್ರೆ, ಹೆಸರಿಟ್ಟೋನೂ ಪಾಪ ಲಾನ್ ಹಾಕ್ಸಿದ್ನೇನೋ ಅನ್ಸುತ್ತೆ.

ಇದಕ್ಕಿಂತ ದೊಡ್ಡ ಕಾಟ ಪಕ್ಕದ್ಮನೆ ಅಂಕಲ್ಲು. ಕೃಷಿ ಇಲಾಖೇಲಿ ಇದ್ದು ರಿಟೈರಾದೋರು. ದಿನಾ ಏಳು ಗಂಟೆಗೆ ಮಂಕಿ ಕ್ಯಾಪ್ ಹಾಕ್ಕೊಂಡು ಕಾಂಪೌಂಡ್ ಮೇಲೆ ಮೊಣಕೈ ಊರಿ, "ಏನ್ರೀ, ಬಂದಿತ್ತಾ?" ಅಂತ ನಮ್ಮ ಬೀಗರನ್ನ ವಿಚಾರಿಸೋ ಹಾಗೆ ಕೇಳ್ತಾರೆ. ಬಂದಿತ್ತು ಅಂದ್ರೆ ಮುಖದಲ್ಲಿ ಎಂಥದೋ ತೃಪ್ತಿ. ಮೊದಲು ಜಿಂಕ್ ಫಾಸ್ಫೈಡ್ ಅಂದ್ರು. ಆದ್ರೆ ಅದನ್ನ ಸೀದಾ ಇಡೋ ಹಾಗಿಲ್ವಂತೆ, ಎರಡ್ಮೂರು ದಿನ ಬರೀ ಕಡ್ಲೆಪುರಿಗೆ ಎಣ್ಣೆ ಕಲ್ಸಿ ಇಟ್ಟು, ಅದಕ್ಕೆ ನಂಬಿಕೆ ಬಂದ್ಮೇಲೆ ವಿಷ ಹಾಕ್ಬೇಕಂತೆ. ಇಟ್ಟೆ. ಮೂರು ದಿನ ಚೊಕ್ಕವಾಗಿ ತಿಂದು ಹೋಯ್ತು. ನಾಲ್ಕನೇ ದಿನ ನನ್ನ ಹೆಂಡ್ತಿ, ಬೀದಿ ನಾಯಿ ಬಾಯಿ ಹಾಕಿದ್ರೆ ಏನ್ ಗತಿ, ಮನೇಲಿ ವಿಷ ಗಿಷ ಬೇಡ ಅಂದ್ಬಿಟ್ಲು. ಆಮೇಲೆ ಬೋನು ತಂದು ಮಸಾಲೆ ವಡೆ ಕಟ್ಟಿದೆ. ಬೆಳಿಗ್ಗೆ ವಡೆ ಇಲ್ಲ, ಬೋನು ಮಗುಚಿ ಬಿದ್ದಿದೆ. "ಕೊಬ್ಬರಿ ಸುಟ್ಟು ಇಡ್ಬೇಕಿತ್ತು, ನಾನ್ ಹೇಳ್ಲಿಲ್ವಾ?" ಅಂದ್ರು ಅಂಕಲ್. ದೇವರಾಣೆ ಹೇಳಿರ್ಲಿಲ್ಲ.

ನಿನ್ನೆ ಭಾನುವಾರ ಅವರದೇ ಐಡಿಯಾ, ಬಿಲಕ್ಕೆ ನೀರು ಬಿಡಿ, ತಾನಾಗೇ ಈಚೆ ಬರುತ್ತೆ. ಸಂಪಿಗೆ ಮೋಟರ್ ಹಾಕಿ ಪೈಪ್ ತೂರಿಸಿ, ದೊಣ್ಣೆ ಹಿಡ್ಕೊಂಡು ಕೂತೆ. ಇಪ್ಪತ್ತು ನಿಮಿಷ ಆದ್ರೂ ಒಂದು ಹನಿ ವಾಪಸ್ ಬರ್ಲಿಲ್ಲ.

ಕೂತಲ್ಲೇ ಮಂಡ್ಯ ಕಡೆಯ ನಮ್ಮೂರು ನೆನಪಾಯ್ತು. ಭತ್ತದ ಕೊಯ್ಲಾದ್ಮೇಲೆ ಹುಡುಗ್ರೆಲ್ಲ ಸೇರ್ಕೊಂಡು ಬದುವಿನಲ್ಲಿದ್ದ ಹೆಗ್ಗಣದ ಬಿಲ ಅಗೀತಿದ್ವಿ, ಒಳಗೆ ಅದು ಕೂಡಿಟ್ಟ ಭತ್ತದ ತೆನೆ ಮಡಿಲು ತುಂಬ ಸಿಕ್ತಿತ್ತು, ಅಂಗಡೀಗೆ ಕೊಟ್ರೆ ಕಡ್ಲೆಪುರಿ ಕೊಡ್ತಿದ್ರು. ಆ ಗದ್ದೆ ಈಗ ಲೇಔಟು. ಅವತ್ತು ಅದರ ಭತ್ತದಲ್ಲಿ ನಾವು ಪುರಿ ತಿಂದ್ವಿ, ಈಗ ನಮ್ಮ ಪುರಿ ಅದು ತಿಂತು...

ಅಷ್ಟರಲ್ಲಿ ಪಕ್ಕದ್ಮನೇಲಿ ಆಂಟಿ ಕಿರುಚಿದ್ರು. ಕಾಂಪೌಂಡ್ ಹತ್ತಿ ಬಗ್ಗಿ ನೋಡ್ತೀನಿ, ಅವರ ಒಗೆಯೋ ಕಲ್ಲಿನ ಬುಡದಿಂದ ಗುಳುಗುಳು ಅಂತ ಕೆಂಪು ನೀರು, ಅದರ ಜೊತೆ ಒಂದು ಹೆಗ್ಗಣ, ಹಿಂದೇನೇ ಇನ್ನೊಂದು, ಆಮೇಲೆ ಸಾಲಾಗಿ ಮರಿಗಳು. ಕಲ್ಲಿನ ಮೇಲೆ ಅಂಕಲ್, ಒಂದು ಕೈಲಿ ಲುಂಗಿ ಮಂಡಿ ಮೇಲಕ್ಕೆ ಎತ್ತಿ ಹಿಡ್ಕೊಂಡು, ಇನ್ನೊಂದು ಕೈಲಿ ಪೊರಕೆ, ತಲೆ ಮೇಲೆ ಅದೇ ಮಂಕಿ ಕ್ಯಾಪು, "ಮೋಟರ್ ಆಫ್ ಮಾಡ್ರೀ! ಮೋಟರ್ರು!" ಅಂತ ಕೂಗ್ತಾ ಅಲ್ಲೇ ಕುಣೀತಿದ್ರು. ಅಂದ್ರೆ ಸಂಸಾರ ಎಲ್ಲ ಅಲ್ಲಿ, ನಮ್ಮದು ಬರೀ ಬಾಗಿಲು! ಮೋಟರ್ ಆಫ್ ಮಾಡೋಕೆ ನಾನು ಸ್ವಲ್ಪ ನಿಧಾನವಾಗೇ ಹೋದೆ ಅಂತ ಒಪ್ಕೋತೀನಿ.

ಇವತ್ತು ಏಳು ಗಂಟೆಗೆ ಮೊಣಕೈ ಮತ್ತೆ ಹಾಜರ್. "ಏನ್ರೀ, ನಿಮ್ಮ ಹೆಗ್ಗಣ ನಮ್ಮನೇಗೂ ಬರಕ್ಕೆ ಶುರು ಮಾಡಿದೆ, ಏನಾದ್ರೂ ಮಾಡಿ."

ತಟ್ಟೇಲಿ ಹೆಗ್ಗಣ ಸತ್ತು ಬಿದ್ದ ಗಾದೆ ನಾಲಿಗೆ ತುದೀಗೆ ಬಂದಿತ್ತು. ಆದ್ರೆ ಸಂಪು ಖಾಲಿ, ನಲ್ಲೀಲಿ ನೀರು ಬರೋದು ನಾಳೆ, ನಿನ್ನೆಯಿಂದ ಅವರ ಮನೆ ನೀರೇ ತಾನೆ ನಾವು ಬಿಂದಿಗೇಲಿ ಹೊರ್ತಿರೋದು, ನುಂಗ್ಕೊಂಡೆ.