ವೈಪರ್ ಇಟ್ಟುಕೊಳ್ಳಬೇಕಂತೆ!

"ಎಲ್ಲರ ಮನೆಯಲ್ಲೂ ವೈಪರ್ ಇರ್ತದೆ ಅಕ್ಕಾ." ನಮ್ಮ ಬಚ್ಚಲಿಗೆ ಈಗಷ್ಟೇ ಟೈಲ್ಸ್ ಹಾಕಿಸಿದ ಕಂಟ್ರಾಕ್ಟರ್ ಇಷ್ಟು ಹೇಳಿ ಬೈಕ್ ಹತ್ತಿ ಹೋದರು. ನನಗೆ ಕೈ ಇನ್ನೂ ನಡುಗುತ್ತಿದೆ.

ವೈಪರ್ ಇರುತ್ತದೆ, ಗೊತ್ತು. ವೈಪರ್ ಇದೆ ಅಂತ ನೀರು ಬಾಗಿಲ ಕಡೆಗೆ ಬರಬೇಕಾ? ನೀರು ಹೊರಗೆ ಹೋಗುವ ಜಾಲಿ ಇರುವುದು ಕಿಟಕಿ ಕೆಳಗೆ. ನೀರು ನಿಲ್ಲುವುದು ಬಾಗಿಲ ಹತ್ತಿರ, ಅತ್ತೆ ಮೊದಲು ಕಾಲಿಡುವ ಜಾಗದಲ್ಲಿ. ಅವರು ಕೋಲು ಹಿಡಿದು ನಡೆಯುವವರು. ಸೋಪಿನ ನೀರಿನಲ್ಲಿ ಜಾರಿ ಸೊಂಟ ಮುರಿದರೆ ಯಾರು ಹೊಣೆ?

ಕಂಟ್ರಾಕ್ಟರ್ ಎದುರೇ ಒಂದು ಬಕೆಟ್ ನೀರು ಸುರಿದೆ. ಕಣ್ಣಿಗೆ ಕಾಣುವ ಸಾಕ್ಷಿ ಅಲ್ವಾ? ನೀರು ಮೊದಲು ನಾಲ್ಕೂ ಕಡೆ ಹರಡಿತು. ಆಮೇಲೆ ಮೆಲ್ಲ ಬಾಗಿಲ ಕಡೆ ಸರಿದು ನಿಂತಿತು. "ನೋಡಿ" ಅಂದೆ. ಕಂಟ್ರಾಕ್ಟರ್ ನೀರಿನ ಕಡೆ ನೋಡಲೇ ಇಲ್ಲ. ಜೇಬಿನಿಂದ ಮೊಬೈಲ್ ತೆಗೆದು ಮಸ್ಕತ್‌ನಲ್ಲಿರುವ ನಮ್ಮವರಿಗೆ ಫೋನ್ ಮಾಡಿದರು. ನನ್ನ ಎದುರೇ, ಸ್ಪೀಕರ್ ಹಾಕಿ! "ಸಾರ್, ಮೇಡಂಗೆ ಸ್ವಲ್ಪ ಹೇಳಿ ಸಾರ್. ಟೈಲ್ಸ್ ಎಲ್ಲ ಹಾಕಿ ಆದ ಮೇಲೆ ಎಂತೆಂತದೋ ಹೇಳ್ತಾ ಇದ್ದಾರೆ." ನಮ್ಮವರು ಡ್ಯೂಟಿಯಲ್ಲಿದ್ದರು ಕಾಣುತ್ತದೆ. "ಇರಲಿ ಮಾರಾಯ್ತಿ, ಅವರಿಗೆ ಗೊತ್ತಿರ್ತದೆ" ಅಂದರು. ಟೈಲ್ಸ್ ಸಂದಿಗೆ ಗ್ರೌಟ್ ತುಂಬುತ್ತಿದ್ದ ಹುಡುಗ ತಲೆ ಬಗ್ಗಿಸಿ ನಕ್ಕ. ನಾನು ಖಾಲಿ ಬಕೆಟ್ ಹಿಡಿದು ನಿಂತಿದ್ದೆ. ಸೀರೆಯ ಅಂಚು ಒದ್ದೆ. ನನ್ನ ಮನೆ, ನಾನು ದಿನಾ ತೊಳೆಯುವ ಬಚ್ಚಲು. ನೀರು ಎಲ್ಲಿ ನಿಂತಿದೆ ಅಂತ ಹೇಳಲು ನನಗೆ ಹಕ್ಕಿಲ್ಲ. ಸಮುದ್ರದ ಆಚೆ ಇರುವವರ ಒಪ್ಪಿಗೆ ಸಾಕು. ಇವರು ಆ ನೀರನ್ನು ಕಂಡೇ ಇಲ್ಲ!

ಗೊತ್ತಿರ್ತದೆ ಅಂದರೆ ಎಂತ ಗೊತ್ತಿರ್ತದೆ? ಸ್ನಾನ ಮಾಡುವ ಜಾಗಕ್ಕೆ ಅಡಿಗೆ ಕಾಲು ಇಂಚು ಸ್ಲೋಪ್ ಬೇಕು. 6 ಅಡಿ ಉದ್ದದ ನೆಲ ಅಂದರೆ ಆ ತುದಿಯಿಂದ ಜಾಲಿಗೆ ಒಂದೂವರೆ ಇಂಚು ಇಳಿಯಬೇಕು. ಇದಕ್ಕೆ ದೊಡ್ಡ ಮಿಷನ್ ಬೇಡ. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಎರಡು ಕಡೆ ಹಿಡಿದರೆ ಮಟ್ಟ ತಾನಾಗಿ ಗೊತ್ತಾಗುತ್ತದೆ. ನಮ್ಮ ಮನೆಯಲ್ಲಿ ಆ ಪೈಪ್ ಹೊರಗೆ ಸಿಮೆಂಟ್ ಚೀಲದ ಮೇಲೆ ಬಿದ್ದಿತ್ತು. ಕಣ್ಣಂದಾಜಲ್ಲಿ ಕೆಲಸ ಮುಗಿಯಿತು. ಮತ್ತೆ ಆ ಟೈಲ್ಸ್! 2 ಅಡಿಗೆ 2 ಅಡಿ. "ಜಾಯಿಂಟ್ ಕಡಿಮೆ, ಚಂದ ಕಾಣ್ತದೆ" ಅಂತ ಅವರೇ ತಂದು ಹಾಕಿದ್ದು. ಟೈಲ್ ಬಗ್ಗುವುದಿಲ್ಲ. ಸಣ್ಣ ಬಚ್ಚಲಲ್ಲಿ ನಾಲ್ಕೂ ಕಡೆಯಿಂದ ಒಂದು ಜಾಲಿಗೆ ಇಳಿಜಾರು ಬರಬೇಕಾದರೆ ಸಣ್ಣ ಟೈಲ್ ಹಾಕಬೇಕು, ಇಲ್ಲವಾದರೆ ದೊಡ್ಡದನ್ನು ಕರ್ಣಕ್ಕೆ ಕತ್ತರಿಸಬೇಕು. ಕತ್ತರಿಸಲು ಬೇಜಾರು, ಅಷ್ಟೇ.

ಮೇಲಿನ ಮಹಡಿಯ ಬಚ್ಚಲಿನದ್ದು ಇನ್ನೊಂದು ಕಥೆ. ಅದನ್ನು ಹೋದ ವರ್ಷ ಇದೇ ಕಂಟ್ರಾಕ್ಟರ್ ಮಾಡಿದ್ದು. ಈಗ ಅಡುಗೆಮನೆಯ ಮಾಡಿನಲ್ಲಿ, ಸರಿಯಾಗಿ ಒಲೆಯ ಮೇಲೆ, ಕಂದು ಕಲೆ. "ಮಳೆಗಾಲ ಅಲ್ವಾ ಅಕ್ಕ, ತೇವ ಇರ್ತದೆ" ಅಂದರು. ಉಡುಪಿಯಲ್ಲಿ ನಾಲ್ಕು ತಿಂಗಳು ಮಳೆ. ಯಾವ ತಪ್ಪನ್ನು ಬೇಕಾದರೂ ಅದರ ತಲೆಗೆ ಕಟ್ಟಬಹುದು. ಆದರೆ ಆ ಕಲೆ ಹೊರಗೋಡೆಯ ಹತ್ತಿರ ಇಲ್ಲ, ಸ್ಲ್ಯಾಬಿನ ನಡುವೆ ಇದೆ. ನಡುವಿಗೆ ಮಳೆ ಹೇಗೆ ಬಂತು? ಅಲ್ಲಿ ಸ್ಲ್ಯಾಬ್ ತಗ್ಗಿಸಿ, ಪೈಪ್ ಇಟ್ಟು, ಇಟ್ಟಿಗೆ ಚೂರು ತುಂಬಿ ಮುಚ್ಚಿದ್ದಾರೆ. ಟೈಲ್ಸ್ ಜಾಯಿಂಟಿನಿಂದಲೋ ಪೈಪಿನ ಸುತ್ತಿನಿಂದಲೋ ಇಳಿದ ನೀರು ಆ ತಗ್ಗಿನಲ್ಲೇ ನಿಂತು, ನಿಧಾನ ಕೆಳಗೆ ಬರುತ್ತದೆ. ವಾಟರ್‌ಪ್ರೂಫಿಂಗ್ ಮಾಡಿದ ಮೇಲೆ, ಇಟ್ಟಿಗೆ ಚೂರು ತುಂಬುವ ಮೊದಲು, ಜಾಲಿ ಮುಚ್ಚಿ 24 ಗಂಟೆಯಾದರೂ ನೀರು ನಿಲ್ಲಿಸಿ ನೋಡಬೇಕಿತ್ತು. ಕೇಳಿದರೆ "ನಮ್ಮ ಕಡೆ ಅದೆಲ್ಲ ಯಾರು ಮಾಡ್ತಾರೆ?"

ನಮ್ಮ ಕಡೆಯೇ ಮಾಡಬೇಕಾದದ್ದು! ನಮ್ಮದು ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಗೋಡೆ. ಕಲ್ಲಿನ ತುಂಬ ತೂತು, ನೀರು ಹೀರಿಕೊಳ್ಳುತ್ತದೆ. ವಾಟರ್‌ಪ್ರೂಫ್ ಕೋಟಿಂಗ್ ನೆಲಕ್ಕೆ ಮಾತ್ರ ಬಳಿದರೆ ಸಾಲದು, ಗೋಡೆಗೂ ಕಡಿಮೆ ಅಂದರೆ ಒಂದು ಅಡಿ ಏರಿಸಬೇಕು, ಶವರ್ ಇರುವ ಗೋಡೆಗೆ ತಲೆಯ ಎತ್ತರದವರೆಗೆ. ಬ್ರಹ್ಮಾವರದ ನಮ್ಮ ಅಜ್ಜಿಮನೆಯ ಬಚ್ಚಲಿಗೆ ಟೈಲ್ಸ್ ಇರಲಿಲ್ಲ. ಹಂಡೆ, ಒಲೆ, ಹಾಸುಗಲ್ಲು. ಎಷ್ಟು ಚೊಂಬು ಹುಯ್ದರೂ ನೀರು ಸಣ್ಣ ಕಾಲುವೆ ಹಿಡಿದು ಬಾಳೆಬುಡಕ್ಕೆ ಹೋಗುತ್ತಿತ್ತು. ಲಕ್ಷಗಟ್ಟಲೆ ಸುರಿದ ನಮ್ಮ ಬಚ್ಚಲಿಗೆ ಅಷ್ಟೂ ಬರುವುದಿಲ್ಲ.

ಬಿಡಿ. ಜಗಳ ಮಾಡಿ ಎಂತ ಆಗುತ್ತದೆ? ಈ ಊರಲ್ಲಿ ಕೆಲಸಕ್ಕೆ ಜನ ಸಿಗುವುದೇ ಕಷ್ಟ. ಇವರನ್ನು ಕಳಿಸಿದರೆ ಅರ್ಧಕ್ಕೆ ಬಿಟ್ಟದ್ದನ್ನು ಮುಗಿಸಲು ಬೇರೆ ಮೇಸ್ತ್ರಿ ಬರುವುದಿಲ್ಲ. ಬಾಗಿಲ ಹತ್ತಿರ ರಬ್ಬರ್ ಮ್ಯಾಟ್ ಹಾಕುತ್ತೇನೆ. ದಿನಾ ಸ್ನಾನ ಆದ ಮೇಲೆ ನಾನೇ ನೀರು ಎಳೆದು ಬಿಡುತ್ತೇನೆ. ಇಷ್ಟು ವರ್ಷ ಎಳೆದಿಲ್ಲವಾ?

ಇಲ್ಲ, ಆಗುವುದಿಲ್ಲ. ಯಾಕೆ ಎಳೆಯಬೇಕು? ಹಣ ಕೊಟ್ಟಿದ್ದೇವೆ. ಆ ಫೋನ್ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ನಮ್ಮವರ ಮೇಲೂ ಸಿಟ್ಟು ಇದೆ. "ನೀನೇ ಅಲ್ಲಿ ಇರುವುದು, ಎಂತ ಆಯ್ತು?" ಅಂತ ನನ್ನನ್ನು ಒಂದು ಮಾತು ಕೇಳಬಹುದಿತ್ತು.

ಇಲ್ಲಿ ಇಂಜಿನಿಯರ್‌ಗಳಿದ್ದೀರಿ, ಮನೆ ಕಟ್ಟಿಸಿದವರಿದ್ದೀರಿ. ದಯವಿಟ್ಟು ಯಾರಾದರೂ ಉತ್ತರ ಕೊಡಿ. ಹಾಕಿದ ಟೈಲ್ಸ್ ಮೇಲೆಯೇ ಸ್ಲೋಪ್ ಕೊಟ್ಟು ಇನ್ನೊಂದು ಪದರ ಹಾಕಿದರೆ ನಿಲ್ಲುತ್ತದಾ? ಹಾಕಿದರೆ ಬಾಗಿಲ ಹೊಸ್ತಿಲಿಗಿಂತ ನೆಲ ಎತ್ತರ ಆಗುವುದಿಲ್ಲವಾ? ಇಲ್ಲ, ಒಡೆಯಲೇಬೇಕು ಅಂದರೆ ಒಡೆಯುವ ಖರ್ಚು ಯಾರದ್ದು? ಕೊನೆಯ ಕಂತು ಇನ್ನೂ ನನ್ನ ಕೈಯಲ್ಲಿದೆ. ಅದನ್ನು ತಡೆದು ಇಟ್ಟುಕೊಳ್ಳಬಹುದಾ? ಸೋಮವಾರ ಸಿಂಕ್ ಪೈಪ್ ಕೂರಿಸಲು ಅವರೇ ಮತ್ತೆ ಬರುತ್ತಾರೆ. ಅಷ್ಟರೊಳಗೆ ಹೇಳಿ.