ಯಾರೂ ಇಡದ ಹೆಸರು ಬೇಕಂತೆ

ಹುಣಸೂರು ಕೋರ್ಟಿನ ಕೇಸು ನಿಮಗೆ ನೆನಪಿರಬೇಕು. ಮಗುವಿಗೆ ಏನು ಹೆಸರಿಡೋದು ಅಂತ ಗಂಡ ಹೆಂಡತಿ ವರ್ಷಗಟ್ಟಲೆ ಕಿತ್ತಾಡಿ, ವಿಷಯ ಡೈವೋರ್ಸ್‌ವರೆಗೂ ಹೋಗಿತ್ತು. ಕೊನೆಗೆ 2024ರಲ್ಲಿ ನ್ಯಾಯಾಲಯವೇ ಒಂದು ಹೆಸರಿಟ್ಟು ಇಬ್ಬರನ್ನೂ ಒಟ್ಟಿಗೆ ಮನೆಗೆ ಕಳಿಸಿತು. ಅದರ ಹಿಂದಿನ ವರ್ಷ ಕೇರಳ ಹೈಕೋರ್ಟು ಒಂದು ಹೆಣ್ಣುಮಗುವಿಗೆ ಇದೇ ಸೇವೆ ಮಾಡಿತ್ತು. ನನಗಂತೂ ವ್ಯವಸ್ಥೆ ಹಿಡಿಸಿದೆ. ತಾಲ್ಲೂಕಿಗೊಂದು ನಾಮಕರಣ ನ್ಯಾಯಾಲಯ ಆಗಲಿ. ತೊಟ್ಟಿಲು ಸರ್ಕಾರದ್ದು, ಕಡಲೆ ಉಸ್ಲಿ ಕಕ್ಷಿದಾರರದ್ದು.

ಯಾಕೆ ಹೇಳ್ತಿದೀನಿ ಅಂದ್ರೆ, ನಮ್ಮ ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಈಗ ಅಂಥದ್ದೇ ಒಂದು ವಿಚಾರಣೆ ನಡೀತಾ ಇದೆ. ಅಣ್ಣನ ಮಗನಿಗೆ ಹೆಣ್ಣುಮಗು. ಸಂತೋಷ. ಹೆಸರು ಸೂಚಿಸಿ ಅಂತ ಪೋಲ್ ಹಾಕಿದ್ದಾನೆ, ಜೊತೆಗೆ ಷರತ್ತುಗಳು. ಎರಡಕ್ಷರ ಇರಬೇಕು, ಹೆಚ್ಚೆಂದರೆ ಮೂರು. ಹಳೇ ಕಾಲದ್ದು ಅನ್ನಿಸಬಾರದು, ಆದರೆ ವೇದದಲ್ಲಿ ಇರಬೇಕು. ನಾಳೆ ಡಲ್ಲಾಸಿಗೆ ಹೋದರೆ ಅಲ್ಲಿಯ ಟೀಚರ್ ನಾಲಿಗೆ ತೊಡರಬಾರದು. ಎಲ್ಲಕ್ಕಿಂತ ಮುಖ್ಯ, ಯುನೀಕ್ ಆಗಿರಬೇಕು. ಮಗುವಿಗೆ ಇನ್ನೂ ಕತ್ತು ನಿಂತಿಲ್ಲ, ವೀಸಾ ಇಂಟರ್ವ್ಯೂಗೆ ತಯಾರಿ ಶುರು.

ಅವಸರ ಏನಪ್ಪಾ ಅಂತ ಕೇಳಿದೆ. ಕಾನೂನೇನೂ ಕುತ್ತಿಗೆ ಹಿಡಿದಿಲ್ಲ. ಹುಟ್ಟನ್ನು 21 ದಿನದೊಳಗೆ ನೋಂದಾಯಿಸಬೇಕು, ಸರಿ. ಹೆಸರಿನ ಜಾಗ ಖಾಲಿ ಬಿಡಬಹುದು. 12 ತಿಂಗಳೊಳಗೆ ಸೇರಿಸಿದರೆ ಪುಕ್ಕಟೆ, ಆಮೇಲೆ ಶುಲ್ಕ ಕಟ್ಟಿ 15 ವರ್ಷದವರೆಗೂ ಸೇರಿಸಬಹುದು. ಅಷ್ಟು ಹೊತ್ತಿಗೆ ಹುಡುಗಿಯೇ ಇನ್‌ಸ್ಟಾಗ್ರಾಮಿನಲ್ಲಿ ತನಗೊಂದು ಹೆಸರು ಇಟ್ಟುಕೊಂಡಿರುತ್ತಾಳೆ. ಯಾರೂ ನಗಲಿಲ್ಲ. ಒಬ್ಬರು ಹೆಬ್ಬೆರಳು ಒತ್ತಿದರು, ಅದೂ ಕೈ ತಪ್ಪಿ ಇರಬೇಕು.

ಇದರ ಮಧ್ಯೆ ಪುರೋಹಿತರು ಬಂದರು. ಮಗು ಹುಟ್ಟಿದ್ದು ಹಸ್ತ ನಕ್ಷತ್ರ, ಮೂರನೇ ಪಾದ. ಹಸ್ತಕ್ಕೆ ಪಂಚಾಂಗ ಕೊಡುವ ಅಕ್ಷರಗಳು ಪು, ಷ, ಣ, ಠ. ಮೂರನೇ ಪಾದಕ್ಕೆ ಬಂದಿದ್ದು ಣ. ಇಡೀ ಕರ್ನಾಟಕದಲ್ಲಿ ಯಾರೂ ಇಡದ ಹೆಸರು ಬೇಕು ಅಂದವನಿಗೆ ದೇವರು ಣ ಕೊಟ್ಟಿದ್ದಾನೆ! ಇನ್ನೇನು ಬೇಕು? ಆದರೆ ಹುಡುಗ ಬೆವರಿದ. ಇನ್ನೂ ಹತ್ತು ನಿಮಿಷ ತಡವಾಗಿ ಹುಟ್ಟಿದ್ದರೆ ಠ ಆಗುತ್ತಿತ್ತೋ ಏನೋ, ಠಾಣೆ ಅಂತಾದರೂ ಇಡಬಹುದಿತ್ತು ಅಂದೆ. ಆರಿದ್ರಾ ಮೂರನೇ ಪಾದದವರ ಕಷ್ಟ ಇದಕ್ಕಿಂತ ದೊಡ್ಡದು, ಅವರಿಗೆ ಸಿಗೋದು ಙ. ಒಂದನೇ ಕ್ಲಾಸಿನ ಅಕ್ಷರಮಾಲೆ ಬಿಟ್ಟರೆ ಆ ಅಕ್ಷರಕ್ಕೆ ಬೇರೆ ಎಲ್ಲೂ ಕೆಲಸವಿಲ್ಲ. ಪಾಪ, ಅದಕ್ಕೂ ಒಂದು ಹುದ್ದೆ ಇರಲಿ ಅಂತ ಹಿರಿಯರು ನಕ್ಷತ್ರಕ್ಕೆ ಸೇರಿಸಿದ್ದಾರೆ. ಪುರೋಹಿತರಿಗೆ ಇದೆಲ್ಲ ಹೊಸದಲ್ಲ. ದಕ್ಷಿಣೆ ನೋಡಿ, ಣ ಇದ್ದಲ್ಲಿ ನ ಇಡಬಹುದು, ದೋಷವಿಲ್ಲ ಅಂದರು.

ಮುಂದಿನದು ಸಂಖ್ಯಾಶಾಸ್ತ್ರದವರ ಸರದಿ. ಅವರ ಪ್ರಕಾರ ಇಂಗ್ಲಿಷಿನಲ್ಲಿ ಬರೆಯುವಾಗ ಎ ಎರಡು ಬೇಕು, ಕೊನೆಗೆ ಒಂದು ಎಚ್ ಬೇಕು. ಇದರ ಫಲ ಏನು ಅಂತ ನನಗೆ ಗೊತ್ತು. ಜನನ ಪ್ರಮಾಣಪತ್ರದಲ್ಲಿ ಎರಡು ಎ, ಆಧಾರ್‌ನಲ್ಲಿ ಒಂದು, ಮಾರ್ಕ್ಸ್ ಕಾರ್ಡಿನಲ್ಲಿ ಎಚ್ ಮಾಯ. ಇಪ್ಪತ್ತು ವರ್ಷ ಆದಮೇಲೆ ಆ ಹುಡುಗಿ ನೋಟರಿ ಮುಂದೆ ನಿಂತು, ಈ ಮೂವರೂ ನಾನೇ ಅಂತ ಅಫಿಡವಿಟ್ ಕೊಡಬೇಕು. ಅದೃಷ್ಟ ಅಂದ್ರೆ ನೋಟರಿಯದ್ದು.

ಅಮೆರಿಕದಲ್ಲಾದರೆ ಸೋಷಿಯಲ್ ಸೆಕ್ಯುರಿಟಿ ಇಲಾಖೆಯವರು ಯಾವ ಹೆಸರು ಎಷ್ಟು ಮಕ್ಕಳಿಗಿದೆ ಅಂತ ವರ್ಷ ವರ್ಷ ಪಟ್ಟಿ ಬಿಡುತ್ತಾರೆ. 1970ರಿಂದ 1984ರವರೆಗೆ ಜೆನ್ನಿಫರ್ ಒಂದನೇ ಸ್ಥಾನ ಬಿಟ್ಟೇ ಕೊಡಲಿಲ್ಲ. ನಮ್ಮಲ್ಲಿ ಆ ಇಲಾಖೆಯ ಕೆಲಸ ಎಲ್‌ಕೆಜಿ ಮಿಸ್ ಮಾಡುತ್ತಾರೆ. ಮೊದಲ ದಿನ ಹಾಜರಿ ಕೂಗುವಾಗ ಅಪ್ಪ ಅಮ್ಮಂದಿರು ಕಿಟಕಿಗೆ ಮುಖ ಒತ್ತಿಕೊಂಡು ನಿಂತಿರುತ್ತಾರೆ. ಆದ್ಯಾ ಎ, ಆದ್ಯಾ ಎಸ್, ಆದ್ಯಾ ಗೌಡ, ಇನ್ನೊಬ್ಬಳು ಪಿಂಕ್ ಬಾಟಲ್ ಆದ್ಯಾ. ಪಕ್ಕದ ಬೆಂಚಿನಲ್ಲಿ ಸಾನ್ವಿ, ಶಾನ್ವಿ, ತನ್ವಿ, ಇಶಾನ್ವಿ. ಎಲ್ಲರದ್ದೂ ಒಂದೇ ಫೋನಿನಲ್ಲಿ, ಒಂದೇ ಆ್ಯಪಿನಲ್ಲಿ, ಯುನೀಕ್ ಅನ್ನೋ ಒಂದೇ ಪಟ್ಟಿಯಲ್ಲಿ ಸಿಕ್ಕಿದ ಹೆಸರು. ಯಶ್ ದಂಪತಿ ಮಗಳಿಗೆ ಐರಾ ಅಂತ ಹೆಸರಿಟ್ಟಿದ್ದು 2019ರಲ್ಲಿ. ಆಮೇಲೆ ನಮ್ಮ ಬಡಾವಣೆಯಲ್ಲೇ ಐರಾಗಳು ಸೈಕಲ್ ಹೊಡೆಯುತ್ತಿದ್ದಾರೆ, ಪ್ರತಿಯೊಬ್ಬಳ ತಾಯಿಯೂ 'ನಾವು ಮೊದಲೇ ಅಂದ್ಕೊಂಡಿದ್ವಿ' ಅನ್ನುತ್ತಾರೆ.

ನಮ್ಮ ಕ್ಲಾಸಿನಲ್ಲಿ ಮಂಜುಳಾ ಮೂರು ಜನ ಇದ್ದರು. ಕೆ.ಮಂಜುಳಾ, ಬಿ.ಮಂಜುಳಾ, ಉದ್ದ ಮಂಜುಳಾ. ಮೂವರೂ ಪಾಸಾದರು.

ಲಕ್ಷ್ಮಿ ಅಂತ ಇಡಿ, ಚೆನ್ನಾಗಿದೆ, ಅಂತ ಗ್ರೂಪಿನಲ್ಲಿ ಹಾಕಿ ನೋಡಿದೆ. ಐದು ನಿಮಿಷ ಮೌನ. ಆಮೇಲೆ ಸೊಸೆ ಪ್ರತ್ಯೇಕವಾಗಿ ಮೆಸೇಜ್ ಮಾಡಿದಳು: 'ಚಿಕ್ಕಪ್ಪ, ನಮ್ಮನೆ ಕೆಲಸಕ್ಕೆ ಬರೋರ ಹೆಸರೂ ಲಕ್ಷ್ಮಿನೇ.' ಅಲ್ಲಿಗೆ ವಿಷಯ ಗೊತ್ತಾಯ್ತು. ಜಾಸ್ತಿ ಜನ ಇಟ್ಟಿದ್ದಾರೆ ಅನ್ನೋದು ತೊಂದರೆ ಅಲ್ಲ, ಯಾರು ಇಟ್ಟಿದ್ದಾರೆ ಅನ್ನೋದು ತೊಂದರೆ. ಆದ್ಯಾ ಕೂಡ ಈಗ ಆಟೊ ಹಿಂದೆ ಬರೆಸಿಕೊಂಡಿದ್ದಾಳೆ, ಅದಕ್ಕೇ ಮೇಲಿನ ಫ್ಲೋರಿನವರು ಕಿಯಾರಾಗೆ ಹೋಗಿದ್ದಾರೆ.

ನಿಜವಾಗಲೂ ಯಾರೂ ಇಡದ ಹೆಸರು ಬೇಕಾದರೆ ಬಿಡದಿ ಹತ್ತಿರದ ಭದ್ರಾಪುರಕ್ಕೆ ಹೋಗಿ. ಹಕ್ಕಿಪಿಕ್ಕಿ ಜನ ಅಲ್ಲಿದ್ದಾರೆ. ಅವರಲ್ಲಿ ಗೂಗಲ್ ಇದ್ದಾನೆ, ಕಾಫಿ, ಮೈಸೂರ್ ಪಾಕ್, ಹೈಕೋರ್ಟ್ ಇದ್ದಾರೆ. ಆ್ಯಪ್ ಬೇಡ, ಪೋಲ್ ಬೇಡ, ಕಣ್ಣಿಗೆ ಕಂಡಿದ್ದು, ಕಿವಿಗೆ ಇಂಪಾಗಿದ್ದು ಇಡುತ್ತಾರೆ. ಆದರೆ ನಮ್ಮ ಹುಡುಗನಿಗೆ ಬೇಕಾಗಿರೋದು ಇಷ್ಟು ಯುನೀಕ್ ಅಲ್ಲ. ಸ್ವಲ್ಪ ಯುನೀಕ್.

ಇಷ್ಟೆಲ್ಲ ನಗಾಡಿದ ಮೇಲೂ ಒಂದು ಮಾತು ಗಂಟಲಲ್ಲಿ ಉಳಿಯುತ್ತೆ. 2023ರ ಕೊನೆಗೆ ಮಂಡ್ಯದ ಆ ಆಲೆಮನೆ ಸುದ್ದಿ ಓದಿದ್ದೀರಿ. ಬೆಲ್ಲ ಮಾಡೋ ಜಾಗದಲ್ಲಿ ಸ್ಕ್ಯಾನಿಂಗ್ ಮಷಿನ್. ಹೆಣ್ಣು ಅಂತ ಗೊತ್ತಾದರೆ ತೆಗೆಸೋದು. ಪೊಲೀಸರ ಲೆಕ್ಕ ನೂರಾರಕ್ಕೆ ಹೋಯ್ತು. ಭ್ರೂಣಲಿಂಗ ಪತ್ತೆ ನಿಷೇಧದ ಕಾಯ್ದೆ ಬಂದಿದ್ದು 1994ರಲ್ಲಿ. ಆಲೆಮನೆಗೆ ಹೋದವರು ಬೇರೆ ಲೋಕದವರಲ್ಲ, ನಮ್ಮಂಥವರೇ. ನಮ್ಮ ಅಜ್ಜಿಯರ ಕಾಲದಲ್ಲಿ ಇನ್ನೊಂದು ಹೆಣ್ಣು ಬೇಡಪ್ಪಾ ಅಂತ ದೇವರಿಗೆ ಹೇಳೋಕೆ ಹುಟ್ಟಿದ ಮಗುವಿಗೆ ಸಾಕಮ್ಮ ಅಂತ ಇಡುತ್ತಿದ್ದರು. ಮಹಾರಾಷ್ಟ್ರದ ಸತಾರಾದಲ್ಲಿ ಬೇಡದವಳು ಅಂತಲೇ ಹೆಸರು, ನಕೋಶಿ. 2011ರಲ್ಲಿ ಅಲ್ಲಿಯ ಜಿಲ್ಲಾಡಳಿತ ಸಮಾರಂಭ ಮಾಡಿ ಇನ್ನೂರಕ್ಕೂ ಹೆಚ್ಚು ಹುಡುಗಿಯರಿಗೆ ಹೊಸ ಹೆಸರು ಕೊಟ್ಟಿತು. ಆಗ ಕೆಲವರು ಐಶ್ವರ್ಯಾ ಅಂತ ಇಟ್ಟುಕೊಂಡರು. ಊರಿಗೆ ಹತ್ತು ಇರುವ ಹೆಸರು. ಹತ್ತರಲ್ಲಿ ಒಬ್ಬಳಾದರೆ ಸಾಕಿತ್ತು ಅವರಿಗೆ.

ಗ್ರೂಪಿನಲ್ಲಿ ಇದನ್ನ ಹಾಕಲಿಲ್ಲ. ಶುಭ ಸಮಯದಲ್ಲಿ ಇವನೊಬ್ಬ ಅಂತಾರೆ.

ಪೋಲ್‌ನಲ್ಲಿ ಈಗ ನೈರಾ ಮುಂದಿದೆ, ನವ್ಯಾ ಬೆನ್ನ ಹಿಂದೆಯೇ ಇದೆ. ಯಾವುದಾದರೂ ಗೆಲ್ಲಲಿ. ನಮ್ಮ ಬಳಗದ ಕೆಲವು ಮನೆಗಳಲ್ಲಿ ಇನ್ನೊಂದು ಸಂಪ್ರದಾಯ ಇನ್ನೂ ಇದೆ. ಮದುವೆ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ಉಂಗುರದಿಂದ ಸೊಸೆಗೆ ಹೊಸ ಹೆಸರು ಬರೆಯುತ್ತಾರೆ. ಎರಡಕ್ಷರ, ನಕ್ಷತ್ರ, ಡಲ್ಲಾಸಿನ ಟೀಚರ್, ಎರಡು ಎ, ಒಂದು ಎಚ್, ಎಲ್ಲ ಅಕ್ಕಿಯಲ್ಲಿ ಹೋಯ್ತು. ನಮ್ಮ ಮಗುವಿಗೆ ಮುಂದೆ ಹಾಗೆ ಹೆಸರು ಬದಲಿಸೋ ಅತ್ತೆ ಈಗ ಎಲ್ಲೋ ಮೂರು ವರ್ಷದ ಮಗನಿಗೆ ಊಟ ಮಾಡಿಸುತ್ತಾ ಇರಬಹುದು. ಆ್ಯಪ್ ಅವಳ ಫೋನಿನಲ್ಲೂ ಇದೆ.